ನೆನಪು ಒಬ್ಬೊಬ್ಬರದ್ದು ಒಂದೊಂದು ಥರ

(ಮಂಗಳೂರಿನಲ್ಲಿ ವಿಜ್ಞಾನಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಬದಲು ಅಲ್ಲಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳಿವೆ.)

ಎಲ್ಲರಿಗೂ ನಮಸ್ಕಾರ.

1981ರ ಜುಲೈ 5. ಇದೇ ಮಂಗಳೂರು. ರಾಜನ್ ಮಹಾದೇವನ್ ಎಂಬ ಯುವಕ ಜನರೆದುರು ಪೈ ಸಂಖ್ಯೆಯ ಅಂಕಿಗಳನ್ನು ಬಾಯಿಪಾಠ ಒಪ್ಪಿಸಲು ಶುರು ಮಾಡಿದರು. ನಾವೆಲ್ಲ 3.14 ಅಂತ ಹೇಳಿ ನಿಲ್ಲಿಸುತ್ತೇವೆ. ಗಣಿತದ ಮೇಷ್ಟ್ರು ಜೋರಿದ್ದರೆ ಇನ್ನೆರಡು ಅಂಕಿ. ಅವರು ನಿಲ್ಲಿಸಿದ್ದು 31,811 ಅಂಕಿ ಹೇಳಿದ ಮೇಲೆ. ಅದು ಗಿನ್ನೆಸ್ ದಾಖಲೆ ಆಯಿತು. 1987ರಲ್ಲಿ ಜಪಾನಿನ ಹಿದೆಯಾಕಿ ತೊಮೊಯೊರಿ 40,000 ಅಂಕಿ ಹೇಳುವವರೆಗೆ ಆ ದಾಖಲೆ ಉಳಿದಿತ್ತು.

ಇಲ್ಲಿರುವ ಹಿರಿಯರಲ್ಲಿ ಕೆಲವರಿಗೆ ಇದು ಗೊತ್ತಿರಬಹುದು. ಆಮೇಲೆ ನಡೆದದ್ದು ಅಷ್ಟು ಪ್ರಚಾರ ಪಡೆಯಲಿಲ್ಲ. ನನಗೆ ದಾಖಲೆಗಿಂತ ಅದೇ ಹೆಚ್ಚು ಸ್ವಾರಸ್ಯ ಅನಿಸುತ್ತದೆ.

ಮಹಾದೇವನ್ ಅಮೆರಿಕಕ್ಕೆ ಹೋದರು. ಅಲ್ಲಿ ಕ್ಯಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯ ಚಾರ್ಲ್ಸ್ ಥಾಂಪ್ಸನ್ ಮತ್ತು ಸಂಗಡಿಗರು ಅವರ ನೆನಪನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಒಂದು ಸಲ ತೋರಿಸಿದ ಅಂಕಿಗಳ ಸಾಲನ್ನು ತಕ್ಷಣ ಒಪ್ಪಿಸಬೇಕು ಅಂದರೆ ನಮ್ಮಂಥವರು ಏಳು ಅಂಕಿ ಹೇಳುತ್ತೇವೆ. ಒಂದು ಹೆಚ್ಚು, ಒಂದು ಕಡಿಮೆ. ಅವರು ಅರವತ್ತರ ಆಸುಪಾಸು ಹೇಳುತ್ತಿದ್ದರು. ಸರಿ, ಹಾಗಾದರೆ ಇವರದ್ದು ಹುಟ್ಟಿನಿಂದಲೇ ಬೇರೆ ಥರದ ಮಿದುಳು ಅಂತ ತೀರ್ಮಾನ ಮಾಡಬಹುದಲ್ವಾ?

ಅಲ್ಲೇ ತೊಡಕು ಶುರುವಾಗುವುದು. ಮಿನೆಸೋಟದ ಸಂಶೋಧಕರು ಅವರಿಗೆ ವಸ್ತುಗಳ ಚಿತ್ರ ತೋರಿಸಿದರು. ಯಾವುದು ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಎಂದು ಕೇಳಿದರು. ಅದರಲ್ಲಿ ಅವರ ನೆನಪು ನಮ್ಮ ನಿಮ್ಮ ನೆನಪಿಗಿಂತ ಹೆಚ್ಚೇನೂ ಇರಲಿಲ್ಲ. ಆಮೇಲೆ ಆಂಡರ್ಸ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಂಕಿಯ ಬದಲು ಬೇರೆ ಚಿಹ್ನೆಗಳನ್ನು ಕೊಟ್ಟು ನೋಡಿದರು. ಮೊದಮೊದಲು ಅಲ್ಲೂ ಅವರು ಎಲ್ಲರಂತೆಯೇ. ಸ್ವಲ್ಪ ದಿನ ಆದ ಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಒಂದೊಂದು ಚಿಹ್ನೆಗೆ ಒಂದೊಂದು ಅಂಕಿ ಅಂತ ಇಟ್ಟುಕೊಂಡರು. ಆಗ ಚಿಹ್ನೆಗಳ ಸಾಲೂ ಉದ್ದವಾಗುತ್ತಾ ಹೋಯಿತು.

ಎರಿಕ್ಸನ್‌ಗೆ ಇದರಲ್ಲಿ ಹಳೆಯ ಅನುಭವ ಇತ್ತು. ಅವರೂ ವಿಲಿಯಂ ಚೇಸ್ ಅವರೂ 1980ರಲ್ಲಿ ಪ್ರಕಟಿಸಿದ ಪ್ರಯೋಗ ತುಂಬಾ ಹೆಸರುವಾಸಿ. ಒಬ್ಬ ಸಾಮಾನ್ಯ ಕಾಲೇಜು ಹುಡುಗ. ಶುರುವಿನಲ್ಲಿ ಏಳು ಅಂಕಿ. ಇಪ್ಪತ್ತು ತಿಂಗಳಲ್ಲಿ ಸುಮಾರು 230 ಗಂಟೆ ಅಭ್ಯಾಸ ಮಾಡಿದ. ಕೊನೆಗೆ 79 ಅಂಕಿ ಹೇಳಿದ. ಹೇಗೆ? ಅವನು ಓಟಗಾರ. 3492 ಅಂತ ಕೇಳಿದರೆ ಅವನಿಗೆ ಅದು 3 ನಿಮಿಷ 49.2 ಸೆಕೆಂಡ್, ಒಂದು ಮೈಲಿ ಓಟದ ವಿಶ್ವ ದಾಖಲೆಯ ಹತ್ತಿರದ ಸಮಯ. ಹೀಗೆ ಅಂಕಿಗಳನ್ನು ಓಟದ ಸಮಯಗಳಾಗಿ ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟರು ನೋಡಿ, ಮತ್ತೆ ಆರಕ್ಕೆ ಬಂದು ನಿಂತ.

ಹಾಗಂತ ಎಲ್ಲವೂ ಅಭ್ಯಾಸವೇ, ಹುಟ್ಟಿನಿಂದ ಬಂದದ್ದು ಏನೂ ಇಲ್ಲ ಅಂತಲೂ ಅಲ್ಲ. ಮಹಾದೇವನ್ ವಿಷಯದಲ್ಲಿ ಥಾಂಪ್ಸನ್ ಒಂದು ಹೇಳಿದರೆ ಎರಿಕ್ಸನ್ ಇನ್ನೊಂದು ಹೇಳಿದರು. ಹುಟ್ಟಿನಿಂದ ಬಂದ ಸಾಮರ್ಥ್ಯವೂ ಇದೆ ಎಂದು ಥಾಂಪ್ಸನ್. ಎಲ್ಲ ಅಭ್ಯಾಸದಿಂದಲೇ ಎಂದು ಎರಿಕ್ಸನ್. ಹೊರಗಿನಿಂದ ನೋಡುವ ಪರೀಕ್ಷೆಗಳಿಂದ ಈ ಜಗಳ ತೀರುವುದು ಕಷ್ಟ. ಹಾಗಾದರೆ ಒಳಗೇ ಇಣುಕಿ ನೋಡೋಣ ಅಂತ ಅನಿಸುವುದು ಸಹಜ.

ಒಳಗೆ ಇಣುಕುವ ಯಂತ್ರ ಎಫ್‌ಎಂಆರ್‌ಐ. ಆಸ್ಪತ್ರೆಯಲ್ಲಿ ಮಾಡುವ ಎಂಆರ್‌ಐ ಯಂತ್ರವೇ, ಕೆಲಸ ಮಾತ್ರ ಬೇರೆ. ಆಮ್ಲಜನಕ ಹೊತ್ತ ರಕ್ತಕ್ಕೂ ಅದನ್ನು ಇಳಿಸಿದ ರಕ್ತಕ್ಕೂ ಕಾಂತೀಯ ಗುಣದಲ್ಲಿ ಸಣ್ಣ ವ್ಯತ್ಯಾಸವಿದೆ. ಜಪಾನಿನ ಸೆಯ್ಜಿ ಒಗಾವಾ 1990ರಲ್ಲಿ ಈ ವ್ಯತ್ಯಾಸವನ್ನು ಹಿಡಿದು ಮಿದುಳಿನ ಚಟುವಟಿಕೆ ಅಳೆಯಬಹುದು ಎಂದು ತೋರಿಸಿದರು. ಮಿದುಳಿನ ಒಂದು ಭಾಗ ಹೆಚ್ಚು ಕೆಲಸ ಮಾಡಿದರೆ ಐದಾರು ಸೆಕೆಂಡಿನಲ್ಲಿ ಅಲ್ಲಿಗೆ ಹೆಚ್ಚು ರಕ್ತ ನುಗ್ಗುತ್ತದೆ. ಯಂತ್ರ ಅಳೆಯುವುದು ಆ ರಕ್ತವನ್ನು, ಯೋಚನೆಯನ್ನಲ್ಲ. ಪತ್ರಿಕೆಗಳಲ್ಲಿ ಕೆಂಪು ಹಳದಿ ಬಣ್ಣ ಹೊತ್ತಿಕೊಂಡ ಮಿದುಳಿನ ಚಿತ್ರ ನೋಡಿರುತ್ತೀರಿ. ಆ ಬಣ್ಣ ಕಂಪ್ಯೂಟರಿನಲ್ಲಿ ಹಚ್ಚಿದ್ದು. ಲೆಕ್ಕಾಚಾರದಲ್ಲಿ ಗಟ್ಟಿ ನಿಂತ ಜಾಗಗಳಿಗೆ ಬಣ್ಣ, ಉಳಿದದ್ದಕ್ಕೆ ಬೂದಿ.

ಇನ್ನೊಂದು ವಿಷಯ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಆ ಚಿತ್ರ ಹೆಚ್ಚಾಗಿ ಒಬ್ಬರ ಮಿದುಳಿನದ್ದಾಗಿರುವುದೇ ಇಲ್ಲ. ಹತ್ತೋ ಇಪ್ಪತ್ತೋ ಜನರ ಮಿದುಳನ್ನು ಒಂದೇ ಅಳತೆಗೆ ಎಳೆದು, ಒಂದರ ಮೇಲೊಂದು ಕೂರಿಸಿ, ತೆಗೆದ ಸರಾಸರಿ ಅದು. ಎಲ್ಲರಲ್ಲೂ ಸಾಮಾನ್ಯವಾಗಿ ಕಂಡದ್ದು ಉಳಿಯುತ್ತದೆ. ಒಬ್ಬೊಬ್ಬರಲ್ಲಿ ಬೇರೆ ಬೇರೆ ಕಂಡದ್ದು ಗದ್ದಲ ಎಂಬ ಲೆಕ್ಕದಲ್ಲಿ ಅಳಿಸಿ ಹೋಗುತ್ತದೆ.

ಆ ಗದ್ದಲವನ್ನೇ ಕಿವಿಗೊಟ್ಟು ಕೇಳಿದವರು ಮೈಕೆಲ್ ಮಿಲ್ಲರ್. ಆಗ ಅವರು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿದ್ದರು. 2002ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗ ಬಹಳ ಸರಳ. ಒಂಬತ್ತು ಜನ. ಮೊದಲು ಒಂದಷ್ಟು ಪದ ಕಲಿಸುತ್ತಾರೆ. ಆಮೇಲೆ ಸ್ಕ್ಯಾನರ್ ಒಳಗೆ ಮಲಗಿಸಿ ಪದಗಳನ್ನು ತೋರಿಸಿ, ಇದನ್ನು ಮೊದಲು ನೋಡಿದ್ದೀರಾ ಇಲ್ಲವಾ ಎಂದು ಕೇಳುತ್ತಾರೆ. ಸರಾಸರಿ ತೆಗೆದರೆ ಪುಸ್ತಕದಲ್ಲಿರುವ ಥರದ ಒಪ್ಪವಾದ ಚಿತ್ರ ಬರುತ್ತದೆ. ಒಂಬತ್ತು ಜನರ ಚಿತ್ರಗಳನ್ನು ಬಿಡಿಬಿಡಿಯಾಗಿ ಸಾಲಾಗಿ ಇಟ್ಟರೆ ಬೇರೆಯದೇ ಕಥೆ. ಒಬ್ಬರಿಗೆ ಹಣೆಯ ಹಿಂದಿನ ಭಾಗ ಜೋರಾಗಿದ್ದರೆ ಇನ್ನೊಬ್ಬರಿಗೆ ತಲೆಯ ಹಿಂಬದಿ. ಇಬ್ಬರ ಚಿತ್ರ ಪಕ್ಕಪಕ್ಕ ಇಟ್ಟರೆ ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು ಅಂತ ಹೇಳಲಿಕ್ಕೇ ಆಗುವುದಿಲ್ಲ. ಸರಾಸರಿಯ ಚಿತ್ರಕ್ಕೆ ಸರಿಯಾಗಿ ಹೊಂದುವವರನ್ನು ಹುಡುಕುವುದೇ ಕಷ್ಟವಾಯಿತು.

ಇದನ್ನು ಕೇಳಿದ ಯಾರಾದರೂ ಹೇಳಬಹುದು, ಯಂತ್ರ ಸರಿ ಇರಲಿಲ್ಲ, ಅವತ್ತು ಅವರಿಗೆ ನಿದ್ದೆ ಬಂದಿರಬೇಕು ಅಂತ. ಅದಕ್ಕೇ ಮಿಲ್ಲರ್ ತಂಡ ಕೆಲವು ತಿಂಗಳು ಬಿಟ್ಟು ಅವರಲ್ಲಿ ಹೆಚ್ಚಿನವರನ್ನು ಮತ್ತೆ ಕರೆಸಿತು. ಅದೇ ಪರೀಕ್ಷೆ. ಒಬ್ಬೊಬ್ಬರ ಚಿತ್ರವೂ ಅವರದೇ ಹಳೆಯ ಚಿತ್ರದ ಹಾಗೆಯೇ ಬಂತು. ಬೇರೆಯವರ ಹಾಗೆ ಬರಲಿಲ್ಲ. ಅಂದರೆ ಗದ್ದಲ ಅಂತ ಅಳಿಸಿದ್ದರಲ್ಲಿ ದೊಡ್ಡ ಪಾಲು ಗದ್ದಲ ಆಗಿರಲೇ ಇಲ್ಲ. ಅದು ಆ ಮನುಷ್ಯನೇ.

ಇದೇ ಮಿಲ್ಲರ್ ಇನ್ನೊಂದು ತಮಾಷೆಯ ಕೆಲಸದಲ್ಲೂ ಪಾಲುದಾರರು. ಅವರ ಜೊತೆ ಕೆಲಸ ಮಾಡಿದ ಕ್ರೇಗ್ ಬೆನೆಟ್ ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿ, ಈ ವ್ಯಕ್ತಿಗೆ ಏನು ಅನಿಸುತ್ತಿದೆ ಎಂದು ಕೇಳಿದ್ದರು. (ಇಲ್ಲಿ ಬಂಗುಡೆ ಆಗಿದ್ದರೆ ಸ್ಕ್ಯಾನರ್ ತನಕ ತಲುಪುತ್ತಲೇ ಇರಲಿಲ್ಲ ಬಿಡಿ.) ಲೆಕ್ಕದಲ್ಲಿ ಮಾಡಬೇಕಾದ ಒಂದು ತಿದ್ದುಪಡಿ ಬಿಟ್ಟುಬಿಟ್ಟರೆ ಸತ್ತ ಮೀನಿನ ಮಿದುಳಿನಲ್ಲೂ ಚಟುವಟಿಕೆ ಕಾಣಿಸಿಕೊಂಡಿತು. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಸುಮ್ನೆ ಆಕಸ್ಮಿಕವಾಗಿಯೇ ಕೆಲವು ಹೊತ್ತಿಕೊಳ್ಳುತ್ತವೆ. ತಿದ್ದುಪಡಿ ಮಾಡಿದರೆ ಮೀನು ಮತ್ತೆ ಸತ್ತಿತು. 2012ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ, ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಬಣ್ಣದ ಚಿತ್ರ ಕಂಡ ಕೂಡಲೇ ನಂಬುವವರಿಗೆಲ್ಲ ನಾನು ಮೊದಲು ಈ ಮೀನಿನ ಕಥೆ ಹೇಳುತ್ತೇನೆ.

ಈಗ ನಿಮಗೊಂದು ಕೆಲಸ. ಕಣ್ಣು ಮುಚ್ಚಿ. ನಿಮ್ಮ ಮನೆಯ ಅಡುಗೆಮನೆಯ ಕಪಾಟನ್ನು ನೆನಪಿಸಿಕೊಳ್ಳಿ. ಉಪ್ಪಿನ ಡಬ್ಬಿಯ ಎಡಗಡೆ ಏನಿದೆ?

(ಇಲ್ಲಿ ಸ್ವಲ್ಪ ಹೊತ್ತು ಬಿಟ್ಟೆ. ಕೆಲವರು ನಕ್ಕರು. ಇಬ್ಬರು ಗಂಡಸರು ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದರು.)

ಉತ್ತರ ಏನೇ ಇರಲಿ. ಅದನ್ನು ಹೇಗೆ ಹುಡುಕಿದಿರಿ? ಕೆಲವರಿಗೆ ಕಪಾಟು ಸಿನಿಮಾ ಥರ ಕಣ್ಣಮುಂದೆ ಬಂದಿರುತ್ತದೆ. ಕೆಲವರು ಉಪ್ಪು, ಸಕ್ಕರೆ, ಚಾಪುಡಿ ಅಂತ ಮನಸ್ಸಿನಲ್ಲೇ ಹೇಳಿಕೊಂಡಿರುತ್ತೀರಿ. ಕೆಲವರ ಕೈ ತಾನಾಗಿ ಎಡಕ್ಕೆ ಚಲಿಸಿರುತ್ತದೆ. ಏನೂ ಕಾಣಿಸದೆ ಸುಮ್ನೆ ಉತ್ತರ ಹೊಳೆದವರೂ ಇರಬಹುದು. ಇದು ಹೊಸ ಪ್ರಶ್ನೆ ಏನಲ್ಲ. ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ಹೀಗೇ ಜನರಿಗೆ ಪತ್ರ ಬರೆದು, ಬೆಳಿಗ್ಗೆ ತಿಂಡಿ ತಿಂದ ಮೇಜು ಮನಸ್ಸಿನಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಕೇಳಿದ್ದರು. ಕೆಲವು ವಿಜ್ಞಾನಿಗಳು, ಮನಸ್ಸಿನಲ್ಲಿ ಕಾಣುವುದು ಅಂದರೇನು, ಅದೆಲ್ಲ ಬರೀ ಮಾತಲ್ವಾ ಎಂದು ಉತ್ತರಿಸಿದ್ದರು. ಅವರಿಗೆ ನಿಜಕ್ಕೂ ಏನೂ ಕಾಣುತ್ತಿರಲಿಲ್ಲ. 2015ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಆಡಮ್ ಝೀಮನ್ ಇಂಥವರ ಸ್ಥಿತಿಗೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಅದು ರೋಗವಲ್ಲ. ಅಂಥವರು ತಮ್ಮ ಪಾಡಿಗೆ ಚೆನ್ನಾಗಿಯೇ ಇರುತ್ತಾರೆ. ಎಷ್ಟೋ ಜನರಿಗೆ ತಮ್ಮದು ಬೇರೆ ಥರ ಎಂದು ದೊಡ್ಡವರಾದ ಮೇಲೆಯೇ ಗೊತ್ತಾಗುವುದು.

ಮಿಲ್ಲರ್ ಕಂಡ ವ್ಯತ್ಯಾಸಗಳ ಹಿಂದೆ ಇರುವುದರಲ್ಲಿ ಇದೂ ಒಂದು. ಕೆಲಸ ಒಂದೇ, ಮಾಡುವ ದಾರಿ ಬೇರೆ. 2006ರಲ್ಲಿ ಬ್ರೆಂಡಾ ಕಿರ್ಚಾಫ್ ಮತ್ತು ರ್‍ಯಾಂಡಿ ಬಕ್ನರ್ ಜನರಿಗೆ ವಸ್ತುಗಳ ಜೋಡಿ ತೋರಿಸಿ ನೆನಪಿಡಲು ಹೇಳಿದರು. ಹೇಗೆ ನೆನಪಿಡಬೇಕು ಅಂತ ಹೇಳಲಿಲ್ಲ. ಆಮೇಲೆ ಏನೇನು ಉಪಾಯ ಮಾಡಿದಿರಿ ಎಂದು ಕೇಳಿದರು. ಕೆಲವರು ಎರಡು ವಸ್ತುಗಳನ್ನು ಸೇರಿಸಿ ವಾಕ್ಯ ಕಟ್ಟಿದ್ದರು. ಕೆಲವರು ಚಿತ್ರವನ್ನೇ ದಿಟ್ಟಿಸಿ ನೋಡಿದ್ದರು. ಎರಡೂ ಉಪಾಯ ನೆನಪಿಗೆ ಸಹಾಯ ಮಾಡಿದವು. ಆದರೆ ಮಿದುಳಿನ ಬೇರೆ ಬೇರೆ ಭಾಗಗಳ ಮೂಲಕ. ಆಮೇಲೆ 2012ರಲ್ಲಿ ಮಿಲ್ಲರ್ ತಂಡವೂ ಇದನ್ನೇ ಇನ್ನೊಂದು ರೀತಿಯಲ್ಲಿ ತೋರಿಸಿತು. ಯೋಚಿಸುವ ಶೈಲಿ ಮತ್ತು ಬಳಸುವ ಉಪಾಯ ಹತ್ತಿರ ಇರುವವರ ಮಿದುಳಿನ ಚಿತ್ರಗಳೂ ಹತ್ತಿರ ಇದ್ದವು. ಪೂರ್ತಿ ವ್ಯತ್ಯಾಸಕ್ಕೆ ಇದೊಂದೇ ಕಾರಣ ಅಂತಲ್ಲ. ಮಿದುಳಿನ ಆಕಾರವೇ ಒಬ್ಬೊಬ್ಬರದ್ದು ಬೇರೆ.

ಒಬ್ಬೊಬ್ಬರನ್ನೇ ನೋಡಬೇಕು ಎಂದು ಹೊರಟವರಲ್ಲಿ ನನಗೆ ಇಷ್ಟವಾದವರು ಇಬ್ಬರು. ಒಬ್ಬರು ರಸೆಲ್ ಪೋಲ್ಡ್ರಾಕ್. ಟೆಕ್ಸಾಸಿನ ಆಸ್ಟಿನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ 2012ರಿಂದ ಸುಮಾರು ಒಂದೂವರೆ ವರ್ಷ ತಮ್ಮ ಮಿದುಳನ್ನೇ ನೂರಕ್ಕೂ ಹೆಚ್ಚು ಸಲ ಸ್ಕ್ಯಾನ್ ಮಾಡಿಸಿಕೊಂಡರು. ಮಂಗಳವಾರ ಖಾಲಿ ಹೊಟ್ಟೆ, ಕಾಫಿ ಇಲ್ಲ, ರಕ್ತ ಪರೀಕ್ಷೆ. ಗುರುವಾರ ತಿಂಡಿ, ಕಾಫಿ ಮುಗಿಸಿ. ಕಾಫಿ ತಿಂಡಿ ಆದ ದಿನಕ್ಕೂ ಆಗದ ದಿನಕ್ಕೂ ಮಿದುಳಿನ ಭಾಗಗಳ ನಡುವಿನ ಸಂಪರ್ಕದಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಕಂಡಿತು. ನಮ್ಮ ಊರಿನಲ್ಲಿ ಇದಕ್ಕೆ ಸ್ಕ್ಯಾನರ್ ಬೇಕಿರಲಿಲ್ಲ, ಮನೆಯವರನ್ನು ಕೇಳಿದರೆ ಸಾಕಿತ್ತು.

ಇನ್ನೊಬ್ಬರು ಸೇಂಟ್ ಲೂಯಿಸ್‌ನ ನಿಕೋ ಡೋಸೆನ್‌ಬಾಕ್. ಸ್ಕ್ಯಾನರ್ ಬಾಡಿಗೆ ಗಂಟೆಯ ಲೆಕ್ಕದಲ್ಲಿ, ಅದೂ ದುಬಾರಿ. ಮಧ್ಯರಾತ್ರಿಯ ಮೇಲೆ ದರ ಕಡಿಮೆ. ಅದಕ್ಕೇ ಹತ್ತು ಜನ ಸೇರಿ ಸರಿರಾತ್ರಿಗಳಲ್ಲಿ ಹೋಗಿ ಒಬ್ಬೊಬ್ಬರೂ ಹತ್ತು ಗಂಟೆಗೂ ಮೀರಿ ಸ್ಕ್ಯಾನ್ ಮಾಡಿಸಿಕೊಂಡರು. ಡೋಸೆನ್‌ಬಾಕ್ ಕೂಡ ಅವರಲ್ಲೊಬ್ಬರು. 2017ರಲ್ಲಿ ಮಿಡ್‌ನೈಟ್ ಸ್ಕ್ಯಾನ್ ಕ್ಲಬ್ ಎಂಬ ಹೆಸರಿನಲ್ಲೇ ಇದು ಪ್ರಕಟವಾಯಿತು. ಅಷ್ಟು ಹೊತ್ತು ನೋಡಿದ ಮೇಲೆ ಒಬ್ಬೊಬ್ಬರ ನಕ್ಷೆಯೂ ತನ್ನದೇ ಅಂಚು, ತನ್ನದೇ ತಿರುವುಗಳೊಂದಿಗೆ ಸ್ಪಷ್ಟವಾಗಿ ಮೂಡಿತು. ಸರಾಸರಿ ನಕ್ಷೆಯಲ್ಲಿ ಅವು ಕಾಣುತ್ತಲೇ ಇರಲಿಲ್ಲ.

ಇವೆರಡರ ನಡುವೆ 2015ರಲ್ಲಿ ಯೇಲ್ ಯೂನಿವರ್ಸಿಟಿಯ ಎಮಿಲಿ ಫಿನ್ ಮತ್ತು ಸಂಗಡಿಗರ ಪ್ರಬಂಧ ಬಂತು. 126 ಜನರು ಎರಡು ಬೇರೆ ಬೇರೆ ದಿನ ಸುಮ್ನೆ ಮಲಗಿದ್ದಾಗ ತೆಗೆದ ಸ್ಕ್ಯಾನ್‌ಗಳು. ಒಂದು ದಿನದ್ದನ್ನು ಕೊಟ್ಟು, ಇದು ಯಾರದ್ದು ಅಂತ ಇನ್ನೊಂದು ದಿನದ ರಾಶಿಯಲ್ಲಿ ಹುಡುಕು ಎಂದರೆ ಕಂಪ್ಯೂಟರ್ ಶೇ 90ಕ್ಕಿಂತ ಹೆಚ್ಚು ಸಲ ಸರಿಯಾಗಿ ಹುಡುಕಿತು. ಮಲಗಿರುವ ಬದಲು ಬೇರೆ ಬೇರೆ ಕೆಲಸ ಮಾಡುತ್ತಿದ್ದ ಸ್ಕ್ಯಾನ್‌ಗಳನ್ನು ಕೊಟ್ಟಾಗ ಗುರಿ ಸ್ವಲ್ಪ ತಪ್ಪುತ್ತಿತ್ತು, ಆದರೂ ಊಹೆಗಿಂತ ಬಹಳ ಮೇಲೆ. ಅವರೇ ಇದನ್ನು ಬೆರಳಚ್ಚು ಎಂದು ಕರೆದರು. ಮಾಧ್ಯಮಗಳಿಗೆ ಹಬ್ಬ ಆಯಿತು.

ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ. ಈ ಇಡೀ ವಿಷಯದಲ್ಲಿ ಜನ ಎಡವುವುದು ಇಲ್ಲೇ.

ನೀವು ಆಧಾರ್‌ಗೆ ಬೆರಳಚ್ಚು ಕೊಟ್ಟಿದ್ದೀರಿ. ಅದು ನೀವು ಯಾರು ಅಂತ ಹೇಳುತ್ತದೆ. ನಿಮಗೆ ಮಗ್ಗಿ ಎಷ್ಟರವರೆಗೆ ಬರುತ್ತದೆ ಅಂತ ಹೇಳುವುದಿಲ್ಲ. ಮಿದುಳಿನ ಬೆರಳಚ್ಚೂ ಅಷ್ಟೇ. ಒಬ್ಬರನ್ನು ಗುರುತಿಸಲು ಸಹಾಯ ಮಾಡುವ ಗುಣಗಳೇ ಅವರ ನೆನಪಿನ ಶಕ್ತಿಯನ್ನೂ ಹೇಳಬೇಕು ಅಂತ ಏನಿಲ್ಲ. ಫಿನ್ ಅವರೇ ಮುಂದೆ 2021ರಲ್ಲಿ ಇನ್ನೊಬ್ಬ ಸಂಶೋಧಕಿಯ ಜೊತೆ ಸೇರಿ ಈ ಎಚ್ಚರಿಕೆ ಬರೆದರು. ಗುರುತು ಹಿಡಿಯುವುದು ಒಂದು, ಮುಂದಿನದ್ದು ಹೇಳುವುದು ಇನ್ನೊಂದು.

ಮುಂದಿನದ್ದು ಹೇಳುವುದು ಎಷ್ಟು ಕಷ್ಟ? 2020ರಲ್ಲಿ ಡ್ಯೂಕ್ ಯೂನಿವರ್ಸಿಟಿಯ ತಂಡವೊಂದು ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿತು. ಒಬ್ಬರಿಗೆ ಒಂದೇ ಪರೀಕ್ಷೆಯನ್ನು ಎರಡು ಸಲ ಮಾಡಿದರೆ ಮಿದುಳಿನ ಒಂದು ಭಾಗದ ಅಳತೆ ಎಷ್ಟು ಹೊಂದುತ್ತದೆ? ಪೂರ್ತಿ ಹೊಂದಿದರೆ 1. ಬಂದದ್ದು 0.4ರ ಆಸುಪಾಸು. ಇಷ್ಟು ಅಲ್ಲಾಡುವ ಅಳತೆ ಇಟ್ಟುಕೊಂಡು ಇವರಿಗಿಂತ ಅವರ ನೆನಪು ಜಾಸ್ತಿ ಅಂತ ಹೇಳುವುದು ಹೇಗೆ?

ಮಿಲ್ಲರ್ ಸ್ಥಿರ ಅಂದರು, ಇವರು ಅಲ್ಲಾಡುತ್ತದೆ ಅನ್ನುತ್ತಾರೆ, ಯಾವುದು ನಿಜ ಅಂತ ನೀವು ಕೇಳಬೇಕು. ಎರಡೂ ನಿಜ. ಮಿಲ್ಲರ್ ನೋಡಿದ್ದು ಇಡೀ ಮಿದುಳಿನ ಚಿತ್ತಾರವನ್ನು. ಡ್ಯೂಕ್ ತಂಡ ನೋಡಿದ್ದು ಒಂದೊಂದು ಜಾಗದ ಒಂದೊಂದು ಸಂಖ್ಯೆಯನ್ನು. ಇಡೀ ಚಿತ್ತಾರ ಗುರುತು ಹಿಡಿಯುವಷ್ಟು ಗಟ್ಟಿಯಾಗಿರಬಹುದು, ಅದರೊಳಗಿನ ಒಂದೇ ಚುಕ್ಕೆ ಮಾತ್ರ ದಿನಕ್ಕೊಂದು ಥರ ಇರಬಹುದು. ಇನ್ನೂ ಒಂದು ಕಾರಣವಿದೆ. ಪ್ರಯೋಗಾಲಯದಲ್ಲಿ ದಶಕಗಟ್ಟಲೆ ಉಳಿದುಕೊಂಡ ಪರೀಕ್ಷೆಗಳು ಎಂಥವು? ಎಲ್ಲರಲ್ಲೂ ಒಂದೇ ಫಲಿತಾಂಶ ಕೊಡುವಂಥವು. ಹಾಗಿದ್ದರೇ ತಾನೇ ಪ್ರಯೋಗ ಯಶಸ್ವಿ ಅಂತ ಎಣಿಸುವುದು. ಜನರ ನಡುವಿನ ವ್ಯತ್ಯಾಸ ಕಡಿಮೆ ಮಾಡಲೆಂದೇ ಆರಿಸಿದ ಪರೀಕ್ಷೆಯಲ್ಲಿ ಜನರ ನಡುವಿನ ವ್ಯತ್ಯಾಸ ಹುಡುಕಿದರೆ ಸಿಗುವುದಾದರೂ ಏನು? ಕಾರ್ಡಿಫ್‌ನ ಕ್ರೇಗ್ ಹೆಜ್ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು.

2022ರಲ್ಲಿ ದೊಡ್ಡ ಏಟು ಬಿತ್ತು. ಸ್ಕಾಟ್ ಮರೆಕ್, ಡೋಸೆನ್‌ಬಾಕ್ ಮತ್ತಿತರರು ಸುಮಾರು 50,000 ಜನರ ಸ್ಕ್ಯಾನ್ ಮಾಹಿತಿ ಇಟ್ಟುಕೊಂಡು ನೋಡಿದರು. ಮಿದುಳಿನ ಗುಣಕ್ಕೂ ಬುದ್ಧಿ, ನಡವಳಿಕೆಗಳ ಅಂಕಕ್ಕೂ ನಂಟು ಇದೆ, ಆದರೆ ಬಹಳ ಸಣ್ಣದು. ಅದನ್ನು ನಂಬಿಕೆಯಿಂದ ಹಿಡಿಯಬೇಕಾದರೆ ಸಾವಿರಾರು ಜನ ಬೇಕು. ಅಲ್ಲಿಯವರೆಗಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇದ್ದದ್ದು 25 ಜನ. ಸರಿರಾತ್ರಿ ಹತ್ತೇ ಜನರನ್ನು ನೋಡಿದ ಅದೇ ಡೋಸೆನ್‌ಬಾಕ್ ಇಲ್ಲಿ ಸಾವಿರಾರು ಜನ ಬೇಕು ಅನ್ನುತ್ತಾರೆ. ಇದರಲ್ಲಿ ವಿರೋಧ ಏನೂ ಇಲ್ಲ. ಒಬ್ಬ ಮನುಷ್ಯನ ಮಿದುಳು ಹೇಗಿದೆ ಎಂದು ತಿಳಿಯಲು ಅವನನ್ನೇ ಗಂಟೆಗಟ್ಟಲೆ ನೋಡಿ. ಮಿದುಳಿನ ಯಾವ ಗುಣ ಯಾವ ಸಾಮರ್ಥ್ಯದ ಜೊತೆ ಹೋಗುತ್ತದೆ ಎಂದು ತಿಳಿಯಲು ಸಾವಿರಾರು ಜನರನ್ನು ನೋಡಿ. ಇಪ್ಪತ್ತೈದು ಜನರನ್ನು ಹತ್ತು ನಿಮಿಷ ನೋಡಿ ಎರಡನ್ನೂ ಹೇಳಲು ಹೋದದ್ದೇ ನಮ್ಮನ್ನು ದಾರಿ ತಪ್ಪಿಸಿತು. ನನ್ನ ಮಟ್ಟಿಗೆ ಇವತ್ತಿನ ಮಾತಿನ ತಿರುಳು ಇದೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಊರುಗಳಲ್ಲಿ ಮಿಡ್‌ಬ್ರೈನ್ ಆಕ್ಟಿವೇಶನ್ ಅಂತ ಒಂದು ವ್ಯಾಪಾರ ಬಂತು. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತಾರಂತೆ, ನೆನಪು ದುಪ್ಪಟ್ಟಾಗುತ್ತದಂತೆ. ಮೂಗಿನ ಪಕ್ಕದ ಸಂದಿಯಿಂದ ನೋಡುವುದು ಎಲ್ಲ ಮಕ್ಕಳಿಗೂ ಬರುತ್ತದೆ. ನಿಮ್ಮ ಊರಿನವರೇ ಆದ ವಿಚಾರವಾದಿ ನರೇಂದ್ರ ನಾಯಕ್ ಇದರ ಬಂಡವಾಳ ಬಯಲು ಮಾಡಿದ್ದನ್ನು ನೀವು ನೋಡಿದ್ದೀರಿ. ಇನ್ನೊಂದು, ಮಗುವಿನ ಹತ್ತು ಬೆರಳಿನ ಅಚ್ಚು ತೆಗೆದು ಮಿದುಳಿನ ಯಾವ ಭಾಗ ಚುರುಕು, ನೆನಪು ಎಷ್ಟು, ಯಾವ ಕೋರ್ಸಿಗೆ ಸೇರಿಸಬೇಕು ಅಂತ ದಪ್ಪ ಪುಸ್ತಕದ ಹಾಗೆ ವರದಿ ಕೊಡುವುದು. ಕೋಟಿಗಟ್ಟಲೆ ಬೆಲೆಯ ಯಂತ್ರದಲ್ಲಿ ಸಾವಿರಾರು ಮಿದುಳುಗಳನ್ನು ನೇರವಾಗಿ ನೋಡಿದವರೇ ತಡವರಿಸುತ್ತಿದ್ದಾರೆ. ಇವರು ಬೆರಳು ನೋಡಿ ಹೇಳುತ್ತಾರೆ! ದಯವಿಟ್ಟು ಆ ದುಡ್ಡನ್ನು ಉಳಿಸಿ.

ಹಾಗಾದರೆ ಅಭ್ಯಾಸದಿಂದ ಮಿದುಳು ಬದಲಾಗುತ್ತದೆಯೇ? ಇದಕ್ಕೆ ಒಳ್ಳೆಯ ಉತ್ತರ ಲಂಡನ್‌ನಿಂದ ಬಂತು. ಅಲ್ಲಿ ಟ್ಯಾಕ್ಸಿ ಚಾಲಕರು ಲೈಸೆನ್ಸ್ ಪಡೆಯಲು ಸುಮಾರು 25,000 ಬೀದಿಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. 2025ರಲ್ಲಿ ನಮ್ಮನ್ನು ಅಗಲಿದ ಎಲೆನೋರ್ ಮಗ್ವೈರ್ 2000ದಲ್ಲಿ 16 ಚಾಲಕರನ್ನು ನೋಡಿದರು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಅವರಲ್ಲಿ ದೊಡ್ಡದಿತ್ತು. ಮುಂಬದಿ ಚಿಕ್ಕದಿತ್ತು. ಆದರೆ ಇಷ್ಟರಿಂದ, ಅಂಥ ಮಿದುಳು ಇದ್ದವರೇ ಟ್ಯಾಕ್ಸಿ ಓಡಿಸಲು ಬಂದರೋ, ಟ್ಯಾಕ್ಸಿ ಓಡಿಸಿ ಹಾಗಾಯಿತೋ ಹೇಳಲಾಗದು. ಅದಕ್ಕೆ ಅವರು ಕಲಿಯಲು ಹೊರಟ 79 ಜನರನ್ನು ಶುರುವಿನಲ್ಲೇ ಸ್ಕ್ಯಾನ್ ಮಾಡಿ, ವರ್ಷಗಳ ನಂತರ ಮತ್ತೆ ನೋಡಿದರು. 39 ಜನ ಪಾಸಾಗಿದ್ದರು. ಶುರುವಿನಲ್ಲಿ ಎಲ್ಲರೂ ಒಂದೇ ಥರ ಇದ್ದರು. ಪಾಸಾದವರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಇದು 2011ರ ಮಾತು. ಅದಕ್ಕೆ ಒಂದು ಬೆಲೆಯನ್ನೂ ತೆತ್ತಿದ್ದರು. ಹೊಸ ರೇಖಾಚಿತ್ರವೊಂದನ್ನು ನೋಡಿ ಸ್ವಲ್ಪ ಹೊತ್ತಿನ ನಂತರ ನೆನಪಿನಿಂದ ಬಿಡಿಸುವುದರಲ್ಲಿ ಚಾಲಕರು ಬೇರೆಯವರಿಗಿಂತ ಹಿಂದೆ ಬಿದ್ದರು.

ನೆನಪಿನ ಸ್ಪರ್ಧೆಗಳಿಗೆ ಹೋಗುವವರ ಕಥೆ ಇನ್ನೂ ಸರಳ. ಪರಿಚಿತ ದಾರಿಯೊಂದನ್ನು ಮನಸ್ಸಿನಲ್ಲಿ ನಡೆಯುತ್ತಾ ಅಲ್ಲಲ್ಲಿ ಒಂದೊಂದು ಪದವನ್ನು ಇಟ್ಟು ಬರುವ ಹಳೆಯ ಗ್ರೀಕ್ ಉಪಾಯ ಅವರದ್ದು. 2017ರಲ್ಲಿ ನೆದರ್‌ಲೆಂಡ್ಸ್‌ನ ಮಾರ್ಟಿನ್ ಡ್ರೆಸ್ಲರ್ ತಂಡ ಸಾಮಾನ್ಯ ಜನರಿಗೆ ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಇದನ್ನು ಕಲಿಸಿತು. ಮೊದಲು 72 ಪದಗಳಲ್ಲಿ 26ರಷ್ಟು ಹೇಳುತ್ತಿದ್ದವರು ಕೊನೆಗೆ 62ರವರೆಗೆ ಹೇಳಿದರು. ಮಿದುಳಿನ ಸಂಪರ್ಕಗಳೂ ಚಾಂಪಿಯನ್‌ಗಳ ಕಡೆಗೆ ಸ್ವಲ್ಪ ವಾಲಿದ್ದವು.

ಭಾರತದ ಒಂದು ಅಧ್ಯಯನವನ್ನು ನೀವು ವಾಟ್ಸಾಪ್‌ನಲ್ಲಿ ನೋಡಿರಬಹುದು. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಹಾರ್ಟ್‌ಜೆಲ್, ನಂದಿನಿ ಚಟರ್ಜಿ ಸಿಂಗ್ ಮತ್ತಿತರರು ಯಜುರ್ವೇದ ಬಾಯಿಪಾಠ ಮಾಡಿದ 21 ಪಂಡಿತರನ್ನು ಇತರ 21 ಜನರ ಜೊತೆ ಹೋಲಿಸಿದರು. ಪಂಡಿತರ ಮಿದುಳಿನಲ್ಲಿ ಭಾಷೆ ಮತ್ತು ನೆನಪಿಗೆ ಸಂಬಂಧಿಸಿದ ಹಲವು ಭಾಗಗಳು ದೊಡ್ಡದಾಗಿದ್ದವು. ಅಧ್ಯಯನ ಚೆನ್ನಾಗಿದೆ. ಸಂಸ್ಕೃತ ಓದಿದರೆ ಮಿದುಳು ಬೆಳೆಯುತ್ತದೆ ಅಂತ ಅದು ಸಾಬೀತು ಮಾಡಿಲ್ಲ. ಪಂಡಿತರನ್ನು ಕಲಿಯುವ ಮೊದಲು ಯಾರೂ ಸ್ಕ್ಯಾನ್ ಮಾಡಿರಲಿಲ್ಲ. ಪಕ್ಕದಲ್ಲಿ ಕುರಾನ್ ಬಾಯಿಪಾಠ ಮಾಡಿದವರನ್ನೋ, ರಾತ್ರಿಯಿಡೀ ಪದ್ಯ ಹೇಳುವ ಯಕ್ಷಗಾನದ ಭಾಗವತರನ್ನೋ ಕೂರಿಸಿರಲಿಲ್ಲ. ಲಂಡನ್‌ನ ಮೊದಲ ಅಧ್ಯಯನ ಎಲ್ಲಿ ನಿಂತಿತ್ತೋ ಇದೂ ಅಲ್ಲೇ ನಿಂತಿದೆ.

ಇಷ್ಟು ಹೊತ್ತು ನೆನಪು ಒಂದೇ ವಸ್ತು ಎಂಬ ಹಾಗೆ ಮಾತಾಡಿದೆ. ಹಾಗಿಲ್ಲ. ಕ್ಯಾಲಿಫೋರ್ನಿಯಾದ ಜೇಮ್ಸ್ ಮಗಾ ತಂಡ 2006ರಲ್ಲಿ ಒಬ್ಬ ಮಹಿಳೆಯ ಬಗ್ಗೆ ಬರೆಯಿತು. ದಶಕಗಳ ಹಿಂದಿನ ಯಾವ ತಾರೀಖು ಹೇಳಿದರೂ ಅವತ್ತು ತನ್ನ ಬದುಕಿನಲ್ಲಿ ಏನಾಯಿತು ಎಂದು ಹೇಳಬಲ್ಲವರು. ಶಾಲೆಯ ಪಾಠ ಬಾಯಿಪಾಠ ಮಾಡುವುದರಲ್ಲಿ ಮಾತ್ರ ಅವರು ಸಾಧಾರಣ. ಇಂಥವರನ್ನು 2013ರಲ್ಲಿ ಪರೀಕ್ಷಿಸಿದಾಗ, ನಡೆಯದ್ದನ್ನು ನಡೆದಿದೆ ಅಂತ ನೆನಪಿಸಿಕೊಳ್ಳುವ ತಪ್ಪನ್ನು ಇವರೂ ಎಲ್ಲರಷ್ಟೇ ಮಾಡಿದರು. ಇದಕ್ಕೆ ತದ್ವಿರುದ್ಧ ಟೊರೊಂಟೊದ ಡ್ಯಾನಿಯೆಲಾ ಪಲೊಂಬೊ, ಬ್ರಯನ್ ಲೆವಿನ್ 2015ರಲ್ಲಿ ವಿವರಿಸಿದ ಮೂವರು. ಕೆಲಸ, ಸಂಸಾರ ಎಲ್ಲ ಸರಿ. ತಮ್ಮ ಮದುವೆ ನಡೆದ ವಿಷಯ ಗೊತ್ತು, ಆದರೆ ಅಲ್ಲಿ ನಿಂತ ಅನುಭವ ಮನಸ್ಸಿಗೆ ಮರಳಿ ಬರುವುದಿಲ್ಲ ಎಂಬ ಥರದ ನೆನಪು. ಲೆವಿನ್ ತಂಡದ ಮುಂದಿನ ಅಧ್ಯಯನದಲ್ಲಿ, ಹಳೆಯ ದಿನಗಳನ್ನು ವಿವರವಾಗಿ ಮತ್ತೆ ಅನುಭವಿಸುತ್ತೇವೆ ಎಂದವರ ಹಿಪೊಕ್ಯಾಂಪಸ್ ಸುತ್ತಲಿನ ಭಾಗ, ದೃಷ್ಟಿಗೆ ಸಂಬಂಧಿಸಿದ ಹಿಂಬದಿಯ ಜೊತೆ ಹೆಚ್ಚು ಮಾತಾಡುತ್ತಿತ್ತು. ಸಂಗತಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುವವರಲ್ಲಿ ಅದು ಹಣೆಯ ಹಿಂದಿನ ಭಾಗದ ಜೊತೆ.

ಕೊನೆಗೆ ನಮ್ಮ ರಾಜ್ಯದ ಒಂದು ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಇದೆ. ಅವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಮಾವಿಗೆ ಹೆಸರಾದ ಊರು ಅದು, 45 ದಾಟಿದ 10,000 ಹಳ್ಳಿಯ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದ್ದಾರೆ. ನೆನಪಿನ ಪರೀಕ್ಷೆ, ರಕ್ತ, ಎಂಆರ್‌ಐ, ಎಲ್ಲ. ಇದು ಯಾಕೆ ಮುಖ್ಯ? ನಾನು ಇಲ್ಲಿಯವರೆಗೆ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಓದಿದ ಜನರ ಮೇಲೆ ನಡೆದವು. ಅಕ್ಷರ ಬಾರದ ಅಜ್ಜಿಗೆ ಪದಗಳ ಪಟ್ಟಿ ಓದಿಸಿ ನೆನಪು ಅಳೆಯಲು ಆಗುತ್ತದೆಯೇ? ಅವಳಿಗೆ ಊರಿನ ಅಷ್ಟೂ ಮನೆಗಳ ಮೂರು ತಲೆಮಾರಿನ ಸಂಬಂಧ ಗೊತ್ತಿರುತ್ತದೆ. ಅದೇ ಜನರನ್ನು ಮತ್ತೆ ಮತ್ತೆ ನೋಡುವುದರಿಂದ, ಯಾರದೋ ಸರಾಸರಿಯ ಬದಲು ಅವಳ ಹಿಂದಿನ ಅಂಕದ ಜೊತೆಗೇ ಅವಳನ್ನು ಹೋಲಿಸಬಹುದು.

ಇನ್ನು ಪ್ರಶ್ನೆಗಳು.

ಸಭಿಕರೊಬ್ಬರು: ಸರ್, ನನ್ನ ಮಗ ಓದಿದರೆ ಮರೆಯುತ್ತಾನೆ, ಕೇಳಿದರೆ ನೆನಪಿರುತ್ತದೆ ಅಂತಾನೆ. ನೀವು ಹೇಳಿದ ಹಾಗೆ ಒಬ್ಬೊಬ್ಬರ ದಾರಿ ಬೇರೆ ಅಂದ ಮೇಲೆ ಅವನಿಗೆ ಕೇಳಿಸಿಯೇ ಕಲಿಸಬೇಕಾ?

ಒಬ್ಬೊಬ್ಬರ ದಾರಿ ಬೇರೆ ಎನ್ನುವುದು ನಿಜ. ಆದರೆ ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಲಾಭ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತಿತರರು ಇದನ್ನು ಕೂಲಂಕಷವಾಗಿ ನೋಡಿದ್ದಾರೆ. ಹೆಚ್ಚು ಕಡಿಮೆ ಎಲ್ಲರಿಗೂ ಕೆಲಸ ಮಾಡುವ ಉಪಾಯ ಬೇರೆಯೇ ಇದೆ. ಪುಸ್ತಕ ಮುಚ್ಚಿ, ಓದಿದ್ದನ್ನು ತಾನೇ ಹೇಳುವುದು. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದ್ದು ಇದನ್ನೇ. ಒಂದೇ ಪಾಠವನ್ನು ನಾಲ್ಕು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರದ ನಂತರ ಒಂದು ಸಲ ಓದಿ ಮೂರು ಸಲ ನೆನಪಿನಿಂದ ಬರೆದವರು ಶೇ 61 ಹೇಳಿದರು, ನಾಲ್ಕು ಸಲ ಓದಿದವರು ಶೇ 40.

ಇನ್ನೊಬ್ಬರು: ನಮ್ಮಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಅಂತ ನಾಲ್ಕು ಭಾಷೆ ಆಡುತ್ತೇವೆ. ಇದರಿಂದ ನೆನಪಿಗೆ ಒಳ್ಳೆಯದಾ?

ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಬಂದ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು, ಹಾಗಾಗಿ ಇದು ಬರೀ ಶಾಲೆಯ ಪ್ರಭಾವ ಅಂತ ತಳ್ಳಿಹಾಕಲು ಬರುವುದಿಲ್ಲ. ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಮತ್ತೆ, ನಾಲ್ಕು ಭಾಷೆ ಎರಡಕ್ಕಿಂತ ಒಳ್ಳೆಯದು ಅಂತ ಈ ಅಧ್ಯಯನದಲ್ಲಿ ಕಂಡಿಲ್ಲ. ಕಾಯಿಲೆ ತಡೆಯುತ್ತದೆ ಅಂತಲೂ ಅವರು ಹೇಳಿಲ್ಲ.

ಹಿಂದಿನ ಸಾಲಿನ ಹಿರಿಯರೊಬ್ಬರು: ನನಗೆ ಈಗೀಗ ಹೆಸರುಗಳು ಮರೆತು ಹೋಗುತ್ತವೆ. ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತದಾ?

ಆಸ್ಪತ್ರೆಯ ಎಂಆರ್‌ಐ ಬೇರೆ ವಿಷಯಕ್ಕೆ ಸರ್. ಪಾರ್ಶ್ವವಾಯು ಆಗಿದೆಯಾ, ಗಡ್ಡೆ ಇದೆಯಾ, ಯಾವುದಾದರೂ ಭಾಗ ಕುಗ್ಗಿದೆಯಾ ಎಂದು ನೋಡಲು. ಅದು ಬೇಕೋ ಬೇಡವೋ ಡಾಕ್ಟರು ಹೇಳುತ್ತಾರೆ. ನಾನು ಇವತ್ತು ತೋರಿಸಿದ ಬಣ್ಣದ ಚಿತ್ರಗಳಿಂದ ನಿಮ್ಮ ಮರೆವಿಗೆ ಉತ್ತರ ಸಿಗುವುದಿಲ್ಲ. ವಯಸ್ಸಾದಂತೆ ಹೆಸರು ತಡವಾಗಿ ನೆನಪಾಗುವುದು ತುಂಬಾ ಸಾಮಾನ್ಯ. ಆದರೆ ನಿಮ್ಮದೇ ಹಿಂದಿನ ಸ್ಥಿತಿಗೆ ಹೋಲಿಸಿದರೆ ಸ್ಪಷ್ಟ ಬದಲಾವಣೆ ಆಗಿದ್ದರೆ, ಲೆಕ್ಕಪತ್ರ ತಪ್ಪುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಮರೆವು ತರುತ್ತವೆ. ಇವಕ್ಕೆಲ್ಲ ದಾರಿ ಇದೆ. ಡಾಕ್ಟರು ಮೊದಲು ನೀವು ಹೇಗಿದ್ದಿರಿ ಅಂತ ಕೇಳುತ್ತಾರೆ. ಅದನ್ನು ನಿಮಗಿಂತ ಚೆನ್ನಾಗಿ ಮನೆಯವರು ಹೇಳುತ್ತಾರೆ. ಹೋಗುವಾಗ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.